ಗುಡುಗಮ್ಮನ ನಡಿಗೆ

ಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ತಲೆಯ ಕಡೆ ಹಿಡಿದವರು ಎತ್ತಿ ಅಂದರು, ಕಾಲಿನ ಕಡೆಯವರು ಇಳಿಸಿ ಅಂದರು, ಎರಡೂ ಒಟ್ಟಿಗೇ ಆಗಿ ಪೆಟ್ಟಿಗೆಯ ಮೂಲೆ ಗೋಡೆಯ ಸುಣ್ಣ ಕೆರೆದು ಅಲ್ಲೇ ನಿಂತಿತು.

“ಗುಡುಗಮ್ಮ ಇಳಿಯೋಕೆ ಒಪ್ತಿಲ್ಲ ಕಣ್ರಪ್ಪಾ,” ಎಂದ ಭಾವ, ತಲೆಯ ಕಡೆಯಿಂದ. “ತಾನು ಇಳಿದ್ರೆ ಬಿಲ್ಡಿಂಗೂ ಜೊತೆಗೆ ಇಳಿಯುತ್ತೆ ಅಂತ ಗೊತ್ತಲ್ಲ ಅವರಿಗೆ.”

ಹೊತ್ತವರು ನಕ್ಕರು. ಮೇಲಿನ ಮೆಟ್ಟಿಲಲ್ಲಿ ಮೂಗು ಒರೆಸಿಕೊಳ್ಳುತ್ತ ನಿಂತಿದ್ದ ಅಕ್ಕ, “ಥೂ, ಇವತ್ತಾದ್ರೂ ಬಾಯಿ ಮುಚ್ಕೊಂಡಿರಿ,” ಎಂದು ಗಂಡನನ್ನು ಗದರುತ್ತಲೇ ನಕ್ಕಳು. ಗುಬ್ಬಿಯೂ ನಕ್ಕಳು. ತಲೆಗೂದಲಿಗೆ ಬಣ್ಣ ಹಚ್ಚುವ ವಯಸ್ಸಾದರೂ ಮನೆಯವರಿಗೆ ಅವಳು ಗುಬ್ಬಿಯೇ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳಂತೆ. ಸ್ವಂತ ಹೆಸರಿನಿಂದ ಯಾರನ್ನೂ ಕರೆಯುವ ವಾಡಿಕೆ ಆ ಮನೆಯಲ್ಲಿ ಇರಲಿಲ್ಲ.

ಪೆಟ್ಟಿಗೆಯೊಳಗೆ ಮಲಗಿದ್ದವಳು ಗುಬ್ಬಿಯ ಅಪ್ಪನ ತಂಗಿ, ಸೋದರತ್ತೆ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ಅಣ್ಣ ಹೋದ ಮೇಲೂ ಅತ್ತಿಗೆಯ ಜೊತೆ ಅದೇ ಮನೆಯಲ್ಲಿದ್ದು, ಮೊನ್ನೆ ನಿದ್ದೆಯಲ್ಲಿ ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟಿದ್ದಳು. ಮನೆಮಂದಿಗೆಲ್ಲ ಅವಳು ಗುಡುಗಮ್ಮ. ಆ ಹೆಸರಿಟ್ಟವಳು ಗುಬ್ಬಿಯೇ, ಇನ್ನೂ ಮುಂದಿನ ಹಲ್ಲು ಬಿದ್ದಿದ್ದ ಕಾಲದಲ್ಲಿ. ಅದನ್ನು ಮನೆಯವರು ಈಗಲೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಗುಬ್ಬಿಯ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಅತ್ತೆ ಕೆಲಸ ಮಾಡುತ್ತಿದ್ದ ದೊಡ್ಡ ಲಾಂಡ್ರಿಯಿಂದ ಬಂದವಳು. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಒಗೆದು ಇಸ್ತ್ರಿಯಾಗುವ ಜಾಗ ಅದು. ಪೆಟ್ಟಿಗೆಯ ಮೇಲೆ ಹೊದಿಸಲು ಅವಳು ಒಂದು ಬಿಳಿ ಬೆಡ್‌ಶೀಟು ತಂದಿದ್ದಳು. ಎಷ್ಟು ಗರಿಗರಿಯಾಗಿತ್ತೆಂದರೆ ಮುಟ್ಟಲು ಕೈ ತೊಳೆಯಬೇಕು ಅನ್ನಿಸುತ್ತಿತ್ತು.

“ಗುಡುಗಮ್ಮ ಅಂದ್ರೆ ಯಾರು?” ಎಂದು ಅವಳು ಮೆಲ್ಲಗೆ ಕೇಳಿದಳು.

“ಅತ್ತೇನೇ,” ಎಂದಳು ಗುಬ್ಬಿ. “ಮನೇಲಿ ಹಾಗೆ ಕರೀತಿದ್ವಿ. ಪ್ರೀತಿಗೆ.”

“ಓ,” ಎಂದಳು ಲಾಂಡ್ರಿಯವಳು. ಸ್ವಲ್ಪ ಯೋಚಿಸಿ, “ಜೋರಾಗಿ ಮಾತಾಡ್ತಿದ್ರಾ ಮನೇಲಿ? ನಮ್ಮತ್ರ ದನಿ ಏರಿಸಿದ್ದೇ ಇಲ್ಲ,” ಎಂದಳು.

ಅಷ್ಟರಲ್ಲಿ ಯಾರೋ ಪೆಟ್ಟಿಗೆಯನ್ನು ಓರೆ ಮಾಡುವ ಉಪಾಯ ಹುಡುಕಿದರು. ಅದು ಇಳಿಯಿತು. ಗುಬ್ಬಿ ಉತ್ತರ ಕೊಡುವುದು ತಪ್ಪಿತು.

*

ಮಣ್ಣು ಮಾಡಿ ವಾಪಸು ಬರುವಾಗ ವ್ಯಾನಿನಲ್ಲಿ ಮಾತೆಲ್ಲ ಸಿನಿಮಾದ್ದೇ. ಅದಕ್ಕೂ ಗುಬ್ಬಿಯೇ ಕಾರಣ. ಹಿಂದಿನ ದಿನ ಅವಳು ನೆಂಟರಿಗೆಲ್ಲ ಸುದ್ದಿ ಕಳಿಸಿದ್ದಳು: ಮಣ್ಣಾದ ಮೇಲೆ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಸೇರೋಣ, ಅತ್ತೆಗೆ ತುಂಬ ಇಷ್ಟವಾಗಿದ್ದ ನಮ್ಮ ಆ ಸಿನಿಮಾ ಸಿಕ್ಕಿದೆ, ಒಟ್ಟಿಗೆ ಕೂತು ನೋಡಿ ಅವಳನ್ನು ಕಳಿಸಿಕೊಡೋಣ. ಬಾಲ್ಯದಲ್ಲಿ ನೂರು ಸಲ ನೋಡಿದ್ದ ಸಿನಿಮಾ. ದೊಡ್ಡವಳಾದ ಮೇಲೆ ಒಂದು ಸಲವೂ ನೋಡಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಮೊದಲಿಂದ ಕೊನೆಯವರೆಗೂ ಓಡುತ್ತದೆ ಅನ್ನುವ ಧೈರ್ಯ. ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು, ವರ್ಷಗಟ್ಟಲೆ ಮಾತು ಬಿಟ್ಟಿದ್ದವರೂ ಬರ್ತೀವಿ ಅಂದಿದ್ದರು.

“ಅವರಿಗೆಷ್ಟು ಹುಚ್ಚು ಗೊತ್ತಾ ಆ ಸಿನಿಮಾದ್ದು?” ಭಾವ ಲಾಂಡ್ರಿಯವಳಿಗೆ ವಿವರಿಸುತ್ತಿದ್ದ. ಅವನು ಆ ಮನೆಗೆ ಅಳಿಯನಾಗಿ ಬಂದದ್ದು ಆಮೇಲೆ. ಆದರೂ ಕಂಡವನಿಗಿಂತ ಕೇಳಿದವನು ಚೆನ್ನಾಗಿ ಹೇಳುತ್ತಾನೆ. “ಒಂದ್ಸಲ ಕ್ಯಾಸೆಟ್ಟು ನೀರಿಗೆ ಬಿದ್ದು ಹಾಳಾಗೋಯ್ತಂತೆ. ಮಕ್ಕಳೆಲ್ಲ ಅಳ್ತಾ ಕೂತಿದ್ರೆ, ಅವರೇ ಎದ್ದು ಪೇಟೆಗೆ ಹೋಗಿ, ಅಂಗಡಿ ಅಂಗಡಿ ಅಲೆದು, ಅವತ್ತೇ ಹೊಸದು ತಂದ್ರಂತೆ. ಆ ಕಾಲು ಹಾಕ್ಕೊಂಡು! ಅಷ್ಟು ಇಷ್ಟ!”

“ಹೌದಾ,” ಎಂದಳು ಲಾಂಡ್ರಿಯವಳು. “ನಮ್ಮತ್ರ ಒಂದಿನಾನೂ ಹೇಳಿಲ್ಲ. ಸಿನಿಮಾ ಅಂದ್ರೆ ತಲೆನೋವು ಅಂತಿದ್ರು.”

“ಇದೊಂದು ಬಿಟ್ಟು,” ಎಂದ ಭಾವ.

ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಸತ್ತವಳ ಜೊತೆ ಒಂದೇ ಒಲೆಯ ಮುಂದೆ ಒಂದು ಜೀವಮಾನ ಕಳೆದವಳು. ಅಳು ಮುಗಿದಿತ್ತೋ, ಇನ್ನೂ ಶುರುವಾಗಿರಲಿಲ್ಲವೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಕ್ಯಾಸೆಟ್ಟಿನ ಮಾತು ಬಂದಾಗ ಅವಳು ಹೊರಗಿನಿಂದ ಒಳಗೆ ತಿರುಗಿ ಭಾವನನ್ನು ಒಮ್ಮೆ ನೋಡಿದಳು. ಮತ್ತೆ ಹೊರಗೆ ನೋಡುತ್ತ ಕೂತಳು.

*

ರಜೆ ಬಂತೆಂದರೆ ಮಕ್ಕಳೆಲ್ಲ ಆ ಮನೆಯಲ್ಲೇ. ವಾರಕ್ಕೊಮ್ಮೆಯಾದರೂ ಸಿನಿಮಾ ಆಗಲೇಬೇಕು. ಅದರ ಕಥೆ ಇಷ್ಟೇ: ಒಂದೇ ಅಂಗಳದ ಎರಡು ಮನೆ, ದೊಡ್ಡವರಿಗೆ ಜಗಳ, ನಡುವೆ ಗೋಡೆ. ಮಕ್ಕಳು ಗೋಡೆಗೆ ತೂತು ಕೊರೆದು ಸ್ನೇಹ ಬೆಳೆಸುತ್ತಾರೆ, ಕೊನೆಗೆ ಗೋಡೆ ಬೀಳುತ್ತದೆ. ಒಂದು ನಾಯಿ, ಬಾಯಿಪಾಠವಾಗಿದ್ದ ಒಂದು ಹಾಡು, ಮತ್ತೆ ಅಡುಗೆಯ ಗುಡುಗಮ್ಮ. ಭಾರೀ ಮೈ, ಒಂದು ಕಾಲು ಗಿಡ್ಡ. ಅವಳು ಹೆಜ್ಜೆ ಇಟ್ಟರೆ ಸಿನಿಮಾದವರು ನಗಾರಿ ಬಾರಿಸುತ್ತಿದ್ದರು. ಧಡಂ ಅಂದರೆ ಕಪಾಟಿನ ತಟ್ಟೆ ಉರುಳುತ್ತಿತ್ತು, ಇನ್ನೊಂದು ಧಡಂಗೆ ತಾತನ ಕಟ್ಟಿಸಿದ ಹಲ್ಲು ಬಾಯಿಂದ ಹಾರಿ ಲೋಟಕ್ಕೆ ಬೀಳುತ್ತಿತ್ತು. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಅತ್ತೆಗೂ ಚಿಕ್ಕಂದಿನಲ್ಲಿ ಸೊಂಟದ ಕೀಲು ಜಾರಿ ಎಡಗಾಲು ಗಿಡ್ಡವಾಗಿತ್ತು. ಮೈಯೂ ತುಂಬಿಕೊಂಡಿತ್ತು. ಒಂದು ದಿನ ಅವಳು ಅಡುಗೆಮನೆಯಿಂದ ಹಾಲಿನ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬರುತ್ತಿದ್ದಾಗ, ಸಿನಿಮಾದಲ್ಲಿ ನಗಾರಿ ಬಾರಿಸುವುದಕ್ಕೂ ಅವಳು ಕಾಲಿಡುವುದಕ್ಕೂ ಸರಿಹೋಯಿತು. “ಅಯ್ಯೋ, ಗುಡುಗಮ್ಮ ಬಂದ್ಲು!” ಎಂದು ಗುಬ್ಬಿ ಕೂಗಿದಳು. ಅಪ್ಪನೇ ಮೊದಲು ನಕ್ಕದ್ದು. ಅಪ್ಪ ನಕ್ಕಿದ್ದರಿಂದ ಎಲ್ಲರೂ ನಕ್ಕರು. ತಾನು ಅಷ್ಟು ಜನ ದೊಡ್ಡವರನ್ನು ನಗಿಸಿದೆ ಅನ್ನುವ ಸಂತೋಷಕ್ಕೆ ಗುಬ್ಬಿಯ ಕಿವಿ ಬಿಸಿಯಾಯಿತು.

ಅತ್ತೆಯೂ ನಕ್ಕಳು. ಎಲ್ಲರದೂ ಆದ ಮೇಲೆ, ಸ್ವಲ್ಪ ತಡವಾಗಿ, ಗಂಟಲು ಒಡೆದ ನಗು.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಆ ಜಾಗ ಬಂದಾಗ ಸಿನಿಮಾ ನಿಲ್ಲಿಸುವುದು. “ಅತ್ತೇ, ನಡಿ! ಒಂದ್ಸಲ ನಡಿ!” ಎಂದು ಗಲಾಟೆ. ಅತ್ತೆ ಎದ್ದು ಅಡುಗೆಮನೆಯ ಬಾಗಿಲಿಂದ ಮುಂಬಾಗಿಲಿನವರೆಗೆ ನಡೆಯಬೇಕು. ಮಕ್ಕಳು ಹೆಜ್ಜೆಗೊಂದು ಸಲ ಡಬ್ಬ ಬಡಿಯಬೇಕು. ಚಿಕ್ಕಪ್ಪ ಬಾಯಿಗೆ ಕೈ ಹಿಡಿದು ಹಲ್ಲು ಬಿದ್ದವನಂತೆ ನಟಿಸಬೇಕು. ಅತ್ತೆ ಮುಂಬಾಗಿಲು ಮುಟ್ಟಿ ತಿರುಗಿದಾಗ ಚಪ್ಪಾಳೆ. ಹುಡುಗರ ನಗು ನಿಲ್ಲದಿದ್ದರೆ ಇನ್ನೊಂದು ಸಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಆ ಮನೆಯಲ್ಲಿ ಗಾದೆ ಹೇಳುವವರೇನು ಕಡಿಮೆ ಇರಲಿಲ್ಲ. ಆದರೆ ಇಲಿಯೂ ನಗುತ್ತಿದ್ದರೆ ಬೆಕ್ಕಿಗೆ ಹೇಗೆ ಗೊತ್ತಾಗಬೇಕು, ಎಂದು ಯಾರಾದರೂ ಕೇಳಬಹುದು. ಕೇಳುವವರು ಯಾವಾಗಲೂ ಬೆಕ್ಕಿನ ಕಡೆಯವರೇ.

*

ನೆಂಟರು ಕೆಳಗೆ ಊಟಕ್ಕೆ ಕೂತಾಗ ಗುಬ್ಬಿ ಲ್ಯಾಪ್‌ಟಾಪು ಹಿಡಿದು ಅತ್ತೆಯ ಕೋಣೆಗೆ ಬಂದಳು. ಇಡೀ ಸಿನಿಮಾ ತೋರಿಸಲು ಹೊತ್ತಿರಲಿಲ್ಲ. ಅತ್ತೆಗೆ ಸಲ್ಲುವ ಭಾಗ ಯಾವುದೋ ಅದನ್ನಷ್ಟೇ ತೋರಿಸಬೇಕು ಎಂದುಕೊಂಡಿದ್ದಳು.

ಮಂಚದ ಮೇಲೆ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಪಾಟಿನಲ್ಲಿ ಅತ್ತೆಯ ಟವೆಲುಗಳು, ಸೀರೆಗಳು, ದಿಂಬಿನ ಚೀಲಗಳು ಅಂಚಿಗೆ ಅಂಚು ಕೂಡಿಸಿ ಮಡಚಿದ್ದವು. ಬಾಗಿಲಿನಿಂದ ಮಂಚದವರೆಗೆ, ಮಂಚದಿಂದ ಕಪಾಟಿನವರೆಗೆ, ಕೈಗೆ ಆಧಾರ ಸಿಗುವಂತೆ ಒಂದರ ಪಕ್ಕ ಒಂದು ಸಾಮಾನು: ಕುರ್ಚಿ, ಟ್ರಂಕು, ಹೊಲಿಗೆ ಯಂತ್ರದ ಮೇಜು. ಈ ಕೋಣೆಗೆ ಗುಬ್ಬಿ ಎಷ್ಟು ಸಲ ಬಂದಿಲ್ಲ. ಸಾಮಾನು ತುಂಬಿಕೊಂಡು ಕೂತಿದ್ದಾಳೆ ಎಂದು ತಾನೂ ಗೇಲಿ ಮಾಡಿದ್ದಳು.

ಅವಳು ಹುಡುಕುತ್ತಿದ್ದದ್ದು ತೊಟ್ಟಿಯ ದೃಶ್ಯ. ಮಕ್ಕಳು ಅಡುಗೆಮನೆಯ ನೆಲಕ್ಕೆ ಸೋಪಿನ ನೀರು ಸುರಿಯುತ್ತಾರೆ. ಗುಡುಗಮ್ಮ ಜಾರುತ್ತ, ಜಾರುತ್ತ ಹಿತ್ತಲಿನ ತೊಟ್ಟಿಗೆ ಬೀಳುತ್ತಾಳೆ. ಆಮೇಲೆ ತಲೆ ಎತ್ತಿ, ನೀರು ಕೊಡವಿ, ಮಕ್ಕಳ ಜೊತೆ ತಾನೂ ನಗುತ್ತಾಳೆ. ಗುಬ್ಬಿಗೆ ಆ ನಗು ಬೇಕಿತ್ತು. ಸಿನಿಮಾದಲ್ಲೆಲ್ಲ ಅವಳಿಗೆ ಅಚ್ಚುಮೆಚ್ಚಿನದು ಅದೇ. ಗುಡುಗಮ್ಮ ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ, ನಮ್ಮ ಅತ್ತೆಯ ಹಾಗೇ, ಎಂದು ಹೇಳಿ ಅಲ್ಲಿಗೆ ನಿಲ್ಲಿಸಿದರೆ ಎಲ್ಲರ ಕಣ್ಣೂ ತುಂಬುತ್ತದೆ ಎಂದು ಲೆಕ್ಕ ಹಾಕಿದ್ದಳು.

ದೃಶ್ಯ ಸಿಕ್ಕಿತು. ಗುಡುಗಮ್ಮ ಜಾರಿದಳು, ಬಿದ್ದಳು. ನೀರು ಎದ್ದಿತು. ಮಕ್ಕಳು ಕುಣಿದರು. ತಲೆ ಮೇಲೆ ಬಂತು, ಕೂದಲು ಮುಖಕ್ಕೆ ಅಂಟಿಕೊಂಡಿತ್ತು. ಅವಳು ಮಕ್ಕಳ ಕಡೆ ನೋಡಿದಳು. ಆಮೇಲೆ ನಾಯಿ ಬಾಲ ಅಲ್ಲಾಡಿಸಿತು, ಹಾಡು ಶುರುವಾಯಿತು.

ಅವಳು ನಗಲಿಲ್ಲ.

ಗುಬ್ಬಿ ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಇಲ್ಲ. ಕತ್ತರಿಸಿದ ಪ್ರತಿ ಇರಬೇಕು ಎಂದುಕೊಂಡು ಇನ್ನೊಂದು ಕಡೆ ಹುಡುಕಿ ಅಲ್ಲಿಯೂ ನೋಡಿದಳು. ಅಲ್ಲೂ ಇಲ್ಲ. ಆ ನಟಿ ಯಾರೋ, ಕ್ಯಾಮರಾ ತನ್ನ ಮೇಲಿದೆ ಎನ್ನುವುದನ್ನು ಒಂದು ಗಳಿಗೆ ಮರೆತವಳಂತೆ, ಒದ್ದೆ ಮುಖದಲ್ಲಿ ಆ ಮಕ್ಕಳನ್ನು ಸುಮ್ಮನೆ ನೋಡುತ್ತಿದ್ದಳು. ಸಿನಿಮಾ ಪೂರ್ತಿ ಹಿಂದೆ ಮುಂದೆ ಓಡಿಸಿದರೂ ಅವಳು ಎಲ್ಲಿಯೂ ಒಂದು ಸಲ ನಕ್ಕಿರಲಿಲ್ಲ.

ಆದರೆ ಆ ನಗು ಗುಬ್ಬಿಯ ಕಿವಿಯಲ್ಲಿತ್ತು. ಸ್ಪಷ್ಟವಾಗಿತ್ತು. ಸ್ವಲ್ಪ ತಡವಾದ, ಗಂಟಲು ಒಡೆದ ನಗು. ಅದು ಸಿನಿಮಾದ್ದಲ್ಲ. ಬೆನ್ನ ಹಿಂದೆ, ಗುಬ್ಬಿಯ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದ ಅತ್ತೆಯದು. ಅದನ್ನು ಇಷ್ಟು ವರ್ಷ ಸಿನಿಮಾದೊಳಗೆ ಸೇರಿಸಿಕೊಂಡು ಬಂದವಳು ತಾನು.

ಗುಬ್ಬಿಗೆ ನಾಚಿಕೆಯಾಯಿತು. ಕೋಣೆಯಲ್ಲಿ ಯಾರೂ ನೋಡುತ್ತಿರಲಿಲ್ಲ, ಆದರೂ ಮುಖಕ್ಕೆ ಸೆರಗು ಮುಚ್ಚಿಕೊಳ್ಳಬೇಕು ಎನ್ನಿಸುವಂಥ ನಾಚಿಕೆ.

“ಅಮ್ಮಾ,” ಎಂದಳು. “ಅತ್ತೆಗೆ ಈ ಸಿನಿಮಾ ಇಷ್ಟ ಇತ್ತು ಅಲ್ವಾ?”

ಅಮ್ಮ ಗೋಡೆಯ ಕಡೆಯಿಂದಲೇ, “ಇಷ್ಟ ಇಲ್ದೆ ಅಷ್ಟು ಸಲ ಕೂತು ನೋಡಿದ್ಲಾ,” ಎಂದಳು. ಆಮೇಲೆ ಈ ಕಡೆ ಹೊರಳಿದಳು. “ಕ್ಯಾಸೆಟ್ಟು ನೀರಿಗೆ ಬೀಳಲಿಲ್ಲ ಕಣೇ.”

“ಮತ್ತೆ?”

“ನೆನೆಹಾಕಿದ್ಲು. ಬಟ್ಟೆ ಬಕೆಟ್ಟಲ್ಲಿ. ಸೋಪಿನ ಪುಡಿ ಹಾಕಿ, ಮೇಲೆ ನಿಮ್ಮಪ್ಪನ ಶರ್ಟು ಹಾಕಿ, ಚೆನ್ನಾಗಿ ಅದುಮಿ ಮುಳುಗಿಸ್ತಿದ್ಲು. ನಾನು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ.”

“ನೀನೇನಂದೆ?”

“ಏನನ್ನಲಿ? ಅವಳು ನನ್ನ ನೋಡಿದ್ಲು, ನಾನು ಅವಳ್ನ ನೋಡಿದೆ. ಅಷ್ಟೇ. ಒಳಗೆ ಬಂದೆ.” ಅಮ್ಮ ಎದ್ದು ಕೂತು ಕೂದಲು ಗಂಟು ಹಾಕಿಕೊಂಡಳು. “ಆಮೇಲೆ ನೀನು ನೆಲಕ್ಕೆ ಬಿದ್ದು ಅಳೋಕೆ ಶುರು ಮಾಡ್ದೆ ನೋಡು. ಊಟ ಬಿಟ್ಟೆ. ಉಸಿರು ಸಿಕ್ಕೋಗೋ ಹಾಗೆ ಅಳ್ತಿದ್ದೆ. ಅವಳಿಗೆ ತಡ್ಕೊಳ್ಳೋಕಾಗ್ಲಿಲ್ಲ. ಸೀರೆ ಬದಲಾಯಿಸಿ ಹೊರಟೋದ್ಲು. ತಂದ್ಲು. ಎಲ್ಲರೂ ಕುಣಿದ್ರಿ. ನಿಮ್ಮಪ್ಪ, ನೋಡಿದ್ರಾ ಗುಡುಗಮ್ಮಂಗೂ ಇದಿಲ್ದೆ ಆಗಲ್ಲ ಅಂದ್ರು.”

“ನೀನು ಯಾಕಮ್ಮ ಹೇಳ್ಲಿಲ್ಲ? ನಿಲ್ಸಿ ಅಂತ ಒಂದು ಮಾತು...”

“ನಾನೂ ನಗ್ತಿದ್ನಲ್ಲೇ,” ಎಂದಳು ಅಮ್ಮ.

ಕೆಳಗಿನಿಂದ ಭಾವ ಕೂಗಿದ. ಎಲ್ಲರೂ ಕೂತಾಗಿತ್ತು.

*

ಹಾಲ್ ತುಂಬಿತ್ತು. ಮುಂದೆ ಮೇಜಿನ ಮೇಲೆ ದೊಡ್ಡ ಟಿವಿ. ಅದರ ಪಕ್ಕ ಅತ್ತೆಯ ಫೋಟೋ, ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಲಾಂಡ್ರಿಯಿಂದ ಇನ್ನೂ ಕೆಲವರು ಬಂದು ಗೋಡೆಗೆ ಒರಗಿ ನಿಂತಿದ್ದರು.

ಗುಬ್ಬಿ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಭಾವನ ಹತ್ತಿರ ಹೋದಳು. “ಭಾವಾ, ಬೇಡ. ಸಿನಿಮಾ ಬೇಡ. ಸುಮ್ಮನೆ ಎರಡು ಮಾತಾಡಿ ಮುಗಿಸೋಣ.”

“ಏನೇ ಹುಚ್ಚಿ? ನೀನೇ ಊರಿಗೆಲ್ಲ ಡಂಗುರ ಸಾರಿ ಈಗ ಬೇಡ ಅಂತೀಯಾ?”

“ಸೌಂಡ್ ಸರಿಯಿಲ್ಲ.”

“ಕೊಡಿಲ್ಲಿ.” ಭಾವ ಅದನ್ನು ಅವಳ ಕೈಯಿಂದ ತೆಗೆದುಕೊಂಡು ವೈರು ಚುಚ್ಚಿದ. ಸೌಂಡ್ ಚೆನ್ನಾಗಿಯೇ ಇತ್ತು. “ಕಣ್ಣೀರು ಬರುತ್ತೆ ಅಂತ ಹೆದರ್ಬೇಡ. ಬಂದ್ರೆ ಬರ್ಲಿ. ಹೋಗು, ಎರಡು ಮಾತು ಹೇಳು.”

ಹೇಳಬಹುದಿತ್ತು. ಈ ಸಿನಿಮಾವನ್ನು ಅತ್ತೆ ಸೋಪಿನ ನೀರಿನಲ್ಲಿ ಮುಳುಗಿಸಿದ್ದಳು ಎಂದರೆ ಸಾಕಿತ್ತು. ಅಷ್ಟು ಮುಖಗಳು ಅವಳ ಕಡೆ ಅರಳಿಕೊಂಡು ನೋಡುತ್ತಿದ್ದವು. ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗಳು, ಎಲ್ಲ ಅಕ್ಕಪಕ್ಕ ಕೂತಿದ್ದರು. ಗುಬ್ಬಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂರುವವಳು. ಬಂದವರಿಗೆಲ್ಲ ನಗುತ್ತಾ “ಏನೂ ನೋವಾಗಲ್ಲ” ಎನ್ನುವುದು ಅವಳ ಕೆಲಸ. ಆ ನಗುವೇ ಬಂತು.

“ಅತ್ತೆಗೆ ಜೀವನದಲ್ಲಿ ತುಂಬ ಇಷ್ಟವಾಗಿದ್ದ ಸಿನಿಮಾ ಇದು,” ಎಂದಳು. “ನಮಗಿಂತ ಹೆಚ್ಚು ನಗ್ತಿದ್ದವಳು ಅವಳೇ.”

ಆ ಮಾತು ಬಾಯಿಂದ ಹೊರಟದ್ದೇ ತಡ, ಅದನ್ನು ನುಂಗಿಕೊಳ್ಳಲು ಆಗುವುದಾದರೆ ನಾಲಗೆಯನ್ನೂ ಜೊತೆಗೆ ನುಂಗುತ್ತಿದ್ದಳು. ಚಿಕ್ಕಂದಿನಲ್ಲಿ ಮಾಡಿದ್ದಕ್ಕೆ ಅರಿವಿರಲಿಲ್ಲ ಎನ್ನಬಹುದು. ಇದಕ್ಕೆ ಏನೆನ್ನುವುದು? ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒಳಗೆ ಬರಲಿಲ್ಲ, ತಿರುಗಿ ಮೆಟ್ಟಿಲು ಹತ್ತಿದಳು. ಗುಬ್ಬಿ ಯಾರಿಗೂ ಮುಖ ಕಾಣದ ಹಾಗೆ ಹಾಲ್‌ನ ಕೊನೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಭಾವ ಸಿನಿಮಾವನ್ನು ಮೊದಲಿನಿಂದಲೇ ಹಾಕಿದ. ನಾಯಿ ಬಂದಾಗ ಎಲ್ಲರೂ ಓ ಎಂದರು. ಹಾಡಿಗೆ ದನಿಗೂಡಿಸಿದರು, ದನಿ ಯಾರದೂ ಸರಿಯಿರಲಿಲ್ಲ. ತಾತ ಬಾಯಿ ತೆರೆಯುವ ಮೊದಲೇ ಅವನ ಮಾತು ಮೂಲೆಮೂಲೆಯಿಂದ ಬಂತು. ಒಬ್ಬರನ್ನೊಬ್ಬರು ನೋಡಿ ಕಣ್ಣು ಒರೆಸಿಕೊಂಡರು. ಇಷ್ಟು ಸಂತೋಷದ ಜನರನ್ನು ಗುಬ್ಬಿ ಬಹಳ ದಿನದಿಂದ ಕಂಡಿರಲಿಲ್ಲ. ಕರೆಂಟು ಹೋಗಲಿ ಎಂದು ಬೇಡಿಕೊಂಡಳು. ಬೇಡಿದಾಗ ಹೋಗುವ ಕರೆಂಟು ಎಲ್ಲಿಯೂ ಇಲ್ಲ.

ಅಡುಗೆಮನೆಯ ಪರದೆ ಸರಿಯಿತು. ಗುಡುಗಮ್ಮ ಹೊಸ್ತಿಲಲ್ಲಿ ಕಾಣಿಸಿಕೊಂಡಳು. ಧಡಂ.

ಆಗ ಹಾಲ್‌ನಲ್ಲಿದ್ದ ಮನೆಮಂದಿಯೆಲ್ಲ, ಯಾರೂ ಹೇಳದೆ, ಯಾರೂ ಯೋಚಿಸದೆ, ಕತ್ತು ಹೊರಳಿಸಿ ಎಡಗಡೆಯ ಹಿಂದಿನ ಮೂಲೆ ನೋಡಿದರು. ಅತ್ತೆ ಯಾವಾಗಲೂ ಕೂರುತ್ತಿದ್ದದ್ದು ಆ ದಿಕ್ಕಿಗೆ, ಎಲ್ಲರಿಗಿಂತ ಹಿಂದೆ. ಬಾಯಲ್ಲಿ ನಗು ಸಿದ್ಧವಾಗಿತ್ತು. ಆ ಮೂಲೆಯ ಕುರ್ಚಿಯಲ್ಲಿ ಲಾಂಡ್ರಿಯವಳು ಕೂತಿದ್ದಳು.

ಅವಳು ಗಾಬರಿಯಾಗಿ ಸೆರಗು ನೋಡಿಕೊಂಡಳು, ಕೂದಲು ಮುಟ್ಟಿಕೊಂಡಳು. “ಏನಾಯ್ತು? ಯಾಕೆ ಎಲ್ರೂ ನನ್ನ ನೋಡ್ತಿದೀರಾ?”

“ಏನಿಲ್ಲ, ಏನಿಲ್ಲ,” ಎಂದು ಭಾವ ನಕ್ಕ. ಮುಚ್ಚಿಡುವಂಥದ್ದು ಇದರಲ್ಲಿ ಏನಿದೆ ಎಂದು ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. “ಇಲ್ಲಿಗೆ ಬಂದ್ರೆ ಅವರನ್ನ ನೋಡೋದು ಅಭ್ಯಾಸ. ಟಿವೀಲಿ ಬರ್ತಿದಾಳಲ್ಲ, ಇವಳೇ ಗುಡುಗಮ್ಮ. ನೋಡಿ, ಥೇಟ್ ಅವರ ನಡಿಗೆ. ಇಲ್ಲಿ ನಿಲ್ಲಿಸಿ ಅವರನ್ನ ನಡೆಸ್ತಿದ್ರು. ಎಲ್ಲರ ಮುಂದೆ, ಆ ಬಾಗಿಲಿಂದ ಈ ಬಾಗಿಲಿಗೆ. ಮಕ್ಕಳು ಡಬ್ಬ ಬಡಿಯೋರು. ಏನು ಮಜಾ ಅಂತೀರಿ!”

ಲಾಂಡ್ರಿಯವಳು ಟಿವಿ ನೋಡಿದಳು. ಗುಡುಗಮ್ಮ ದೊಡ್ಡ ಪಾತ್ರೆ ಹಿಡಿದು ಉದ್ದನೆಯ ಊಟದ ಕೋಣೆಯಲ್ಲಿ ಬರುತ್ತಿದ್ದಳು. ಧಡಂ. ತಟ್ಟೆ ಉರುಳಿತು.

“ನಡೀತಿದ್ರಾ?” ಎಂದಳು. “ಎಲ್ಲರ ಮುಂದೆ?”

“ಖುಷಿಯಾಗಿ!”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದನ್ನು ತಲೆಯಲ್ಲಿ ಕೂಡಿಸಿಕೊಳ್ಳಲು ಕಷ್ಟಪಡುತ್ತಿರುವವಳಂತೆ ಮಾತಾಡಿದಳು.

“ನಾನು ಅವರ ಎದುರಿಗೇ ಕೆಲಸ ಮಾಡಿದೋಳು. ದೊಡ್ಡ ಬೆಡ್‌ಶೀಟು ಮಡಚೋಕೆ ಇಬ್ಬರು ಬೇಕು. ಒಬ್ಬರು ಅಂಚು ಹಿಡಿದು ನಿಲ್ಲಬೇಕು, ಇನ್ನೊಬ್ಬರು ನಡ್ಕೊಂಡು ಬಂದು ಕೂಡಿಸಬೇಕು. ಅವರು ಯಾವಾಗ್ಲೂ ನಿಲ್ಲೋರು. ನಾವು ನಡೆಯೋರು. ಬೆಳಿಗ್ಗೆ ನಾವ್ಯಾರೂ ಬರೋ ಮೊದಲೇ ಬಂದು ಮೇಜಿನ ಹಿಂದೆ ನಿಂತಿರೋರು. ಸಂಜೆ ನಾವೆಲ್ಲ ಹೋದ ಮೇಲೆ ಹೊರಡೋರು. ಎಷ್ಟು ನಿಷ್ಠೆ ಅಂತ ಯಜಮಾನರು ಹೊಗಳ್ತಿದ್ರು. ಇಷ್ಟು ವರ್ಷ ಆದ್ರೂ ಅವರು ಹತ್ತು ಹೆಜ್ಜೆ ನಡೆದಿದ್ದು ನಾನು ನೋಡಿಲ್ಲ. ಕಾಲು ಹಾಗಿತ್ತು ಅಂತ ಇವತ್ತು ವ್ಯಾನಲ್ಲಿ ನೀವು ಅಂದಾಗ್ಲೇ ಗೊತ್ತಾಗಿದ್ದು.”

ಗೋಡೆಗೆ ಒರಗಿದ್ದ ಲಾಂಡ್ರಿಯ ಹೆಂಗಸರು ತಮ್ಮ ತಮ್ಮ ಪಾದ ನೋಡಿಕೊಂಡರು. ಲಾಂಡ್ರಿಯವಳು ಗುಬ್ಬಿಯ ಕಡೆ ತಿರುಗಿದಳು.

“ಪ್ರೀತಿಗೆ ಅಂದ್ರಲ್ಲ,” ಎಂದಳು.

ಅಷ್ಟೇ ಅಂದದ್ದು. ನೆಲ ಬಾಯಿ ಬಿಟ್ಟರೆ ಸಾಕು ಎಂದು ಜನ ಸುಮ್ಮನೆ ಹೇಳುವುದಿಲ್ಲ ಎಂದು ಗುಬ್ಬಿಗೆ ಆಗ ತಿಳಿಯಿತು. ಭಾವ ಟಿವಿಗೆ ಬೆನ್ನು ಮಾಡಿ ನಿಂತಲ್ಲೇ ನಿಂತಿದ್ದ. ಹಾಲ್‌ನಲ್ಲಿ ಒಬ್ಬರೂ ಅಲುಗಲಿಲ್ಲ. ಸಿನಿಮಾ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು, ಗುಡುಗಮ್ಮ ಇನ್ನೊಂದು ಪಾತ್ರೆ ಹೊತ್ತು ಮತ್ತೆ ಹೊರಟಿದ್ದಳು. ಯಾರಾದರೂ ನಿಲ್ಲಿಸಲಿ ಎಂದು ಎಲ್ಲರೂ ಕಾದರು. ಯಾರೂ ಏಳಲಿಲ್ಲ.

ಗುಬ್ಬಿ ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಅದನ್ನು ನಿಲ್ಲಿಸಲು ಹೊರಟಳು.

ಕುರ್ಚಿಗಳ ನಡುವೆ ಒಂದೇ ದಾರಿ, ಹಾಲ್‌ನ ಈ ತುದಿಯಿಂದ ಆ ತುದಿಗೆ. ಅವಳು ಕಾಲಿಟ್ಟಳು. ಧಡಂ. ಅವಳೇ ಬೆಚ್ಚಿದಳು. ಮುಂದಿನ ಹೆಜ್ಜೆಗೂ ಧಡಂ. ಬೇಕೆಂದು ನಿಧಾನ ಮಾಡಿದಳು. ಟಿವಿಯಲ್ಲಿ ಗುಡುಗಮ್ಮನೂ ಪಾತ್ರೆಯ ಭಾರಕ್ಕೆ ನಿಧಾನವಾದಳು. ಅವಸರ ಮಾಡಿದಾಗ ಕಾಲು ಕುರ್ಚಿಗೆ ತಾಗಿ ಎಡವಿತು, ಸರಿಯಾಗಿ ಅಲ್ಲಿಗೇ ನಗಾರಿ ಬಿತ್ತು. ಕೈ ಎಲ್ಲಿ ಇಟ್ಟುಕೊಳ್ಳಬೇಕು ತಿಳಿಯಲಿಲ್ಲ. ಹಿಡಿದುಕೊಳ್ಳಲು ಹತ್ತಿರದಲ್ಲಿ ಏನೂ ಇರಲಿಲ್ಲ. ಎರಡೂ ಕಡೆಯ ಮುಖಗಳು ಅವಳ ಕಾಲನ್ನೇ ನೋಡುತ್ತಿದ್ದವು. ತನಗೆ ನಡೆಯಲು ಬರುತ್ತಿತ್ತೇ ಇಲ್ಲವೇ ಎನ್ನುವುದೇ ಅವಳಿಗೆ ಮರೆತುಹೋಯಿತು.

ಅರ್ಧ ದಾರಿಯಲ್ಲಿ, ಮುಂದಿನ ಸಾಲಿನಿಂದ, ಯಾರಿಗೋ ತಡೆಯಲಾಗದೆ ಮೂಗಿನಲ್ಲಿ ಒಂದು ಪುಸಕ್ ನಗು ಹೊರಟಿತು. ಕೂಡಲೇ ಕೆಮ್ಮಾಗಿ ಮುಗಿಯಿತು.

ಗುಬ್ಬಿ ನಿಂತಳು. ಟಿವಿಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಅವಳು ಆ ಕಡೆ ತಿರುಗಿ, ಪರವಾಗಿಲ್ಲ, ಬೇಜಾರಿಲ್ಲ ಎನ್ನುವಂತೆ, ಸ್ವಲ್ಪ ತಡವಾಗಿ, ಎಲ್ಲರಿಗೂ ಕಾಣುವ ಹಾಗೆ ನಕ್ಕಳು.